ಮೂರು ವೈದ್ಯರ ಪಥ್ಯ

ತೂಕದ ಯಂತ್ರದ ಮೇಲೆ ನಿಂತ ದಿಲಶಾದಬಿ ಉಸಿರು ಬಿಗಿಹಿಡಿದಳು, ಹಾಗೆ ಹಿಡಿದರೆ ತೂಕ ಇಳಿಯುತ್ತದೆ ಎಂಬಂತೆ. ಇಳಿಯಲಿಲ್ಲ. ಡಾಕ್ಟರ್ ಶೈಲಾ ಬಗ್ಗಿ ನೋಡಿ, "ಹೋದ ಸಲಕ್ಕಿಂತ ಏರೇತಿ! ಮಾರಿನೂ ಕಳಿ ಕಳಿ ಆಗೇತಿ. ಭಾಳ ಚಲೋ ಆತು" ಅಂದರು.

"ಪಥ್ಯರಿ ಬಾಯಾರ, ಎಲ್ಲಾ ಪಥ್ಯದ ಗುಣ!" ಎಂದು ಗಂಡ ಕುತುಬುದ್ದೀನ ಎದೆಯುಬ್ಬಿಸಿದ. ದಿಲಶಾದಬಿ ಮೆಲ್ಲಗೆ ಕೆಳಗಿಳಿದು, ಸೆರಗು ಸರಿಮಾಡಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಆಡಿನ ಮೈಮೇಲಿನ ಉಣ್ಣಿಗಳನ್ನು ಬರಿಗೈಯಿಂದ ಕಿತ್ತು ಉಗುರಿನಲ್ಲೇ ಹಿಸುಕುವುದು ಅವಳಿಗೆ ಸಣ್ಣಂದಿನಿಂದ ಬಂದ ರೂಢಿ. ಹೋದ ವರ್ಷ ಆ ಉಣ್ಣಿಯಿಂದಲೇ ಜ್ವರ ಹತ್ತಿತು. ಗುಳಿಗೆಗೆ ಜ್ವರ ಬಿಟ್ಟಿತು, ಕೀಲುನೋವು ಮತ್ತು ಸುಸ್ತು ಮಾತ್ರ ಬಿಡಾರ ಹೂಡಿ ಕೂತವು. ಬೆಟಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಕುತುಬುದ್ದೀನ ಸುಮ್ಮನಿರುವವನಲ್ಲ. ಲಕ್ಷ್ಮೇಶ್ವರದ ಹಕೀಮರಿಂದ ಪುಡಿ ತಂದ, ಶಿರಹಟ್ಟಿಯ ಆಯುರ್ವೇದದವರಿಂದ ಎಣ್ಣೆ ತಂದ, ಗದಗಿನ ಈ ಡಾಕ್ಟರರ ಗುಳಿಗೆಯನ್ನೂ ಬಿಡಲಿಲ್ಲ. ಮೂವರೂ ತಮತಮಗೆ ತೋಚಿದ ಪಥ್ಯ ಹೇಳಿದ್ದರು. ಆ ಮಹಾರಾಯ ಒಂದನ್ನೂ ಬಿಡದೆ ಕೂಡಿಸಿಬಿಟ್ಟಿದ್ದ.

"ಏನೇನು ಬಿಡಿಸೀರಿ?" ಡಾಕ್ಟರ್ ಕೇಳಿದರು.

"ಉಪ್ಪು ಕಡಿಮಿ ಅಂದವರು ನೀವರಿ. ಬದನಿಕಾಯಿ, ಹುಳಿ ಬ್ಯಾಡಂದವರು ಹಕೀಮರು. ಖಾರ, ಮೊಸರು, ಶೇಂಗಾ ಶಿರಹಟ್ಟಿಯವರು ಬಿಡಿಸಿದ್ರು. ಖಂಡ ಮಾತ್ರ ನಾನ ಬಿಡಿಸೀನ್ರಿ. ಆಡಿನಿಂದ ಬಂದ ಬ್ಯಾನಿ ಅಲ್ರಿ, ಆಡು ತಿಂದ್ರ ಮತ್ತ ಎದ್ದೀತು ಅಂತ."

"ಮತ್ತ ಉಳದಿದ್ದೇನು?"

"ಜ್ವಾಳದ ನುಚ್ಚು, ಹೆಸರುಬ್ಯಾಳಿ ಕಟ್ಟು. ನಾನ ಕುದಿಸಿ, ಆರಿಸಿ, ಮುಂದ ಕುಂತು ಉಣಸತೀನ್ರಿ."

ಉಣಿಸುತ್ತಿದ್ದದ್ದು ಖರೆ. ಅವನ ಅಕ್ಕರೆಯ ಕಣ್ಣಿನ ಮುಂದೆ ದಿಲಶಾದಬಿ ತುಟಿ ಎರಡು ಮಾಡದೆ ಆ ಸಪ್ಪೆ ನುಚ್ಚನ್ನು ನುಂಗುತ್ತಿದ್ದಳು. ಅವನು ಅಂಗಡಿಗೆ ಹೋದ ಮೇಲೆ, ಡಾಕ್ಟರರು ನಡೆದಾಡಲು ಹೇಳಿದ್ದಾರಲ್ಲ ಎಂದು ಗೋಡೆ ಹಿಡಿದು ಹೊರಡುತ್ತಿದ್ದಳು. ಕಾಲುಗಳು ನೆಟ್ಟಗೆ ಓಣಿಯ ಆ ತುದಿಯ ಗೆಳತಿ ಫಕ್ಕೀರವ್ವನ ಮನೆಗೇ ಹೋಗುತ್ತಿದ್ದವು. ಅಲ್ಲಿ ಬಿಸಿ ರೊಟ್ಟಿ, ಬದನೆಯ ಎಣಗಾಯಿ, ಮೇಲೆ ಗಟ್ಟಿ ಮೊಸರು, ಅದರ ಮೇಲೆ ಊರ ಮಂದಿಯ ಸುದ್ದಿ. ಬರಬರುತ್ತ ಗೋಡೆ ಹಿಡಿಯುವುದೂ ತಪ್ಪಿತ್ತು. ಮನಸ್ಸು ಒಮ್ಮೊಮ್ಮೆ ಚುಚ್ಚಿದರೂ, ಮನೆಯವರೇನು ತಮ್ಮ ಅಂಗಡಿ ಪಕ್ಕದ ಹೋಟೆಲಿನ ಮಿರ್ಚಿ ಭಜಿ ಬಿಟ್ಟಿರುತ್ತಾರೆಯೇ, ಅಲ್ಲಿಗೆ ಸರಿಹೋಯಿತು ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ಈಗ ಡಾಕ್ಟರ್ ಶೈಲಾ ಅವಳನ್ನು ಬಿಟ್ಟು ಕುತುಬುದ್ದೀನನ ಅಂಗಿಯನ್ನೇ ನೋಡುತ್ತಿದ್ದರು. ಅಂಗಿ ಬೇರೆ ಯಾರದೋ ಅನ್ನುವಷ್ಟು ಸಡಿಲಾಗಿತ್ತು. "ನೀವೂ ಒಂಚೂರು ಹತ್ತರಿ" ಅಂದರು.

"ನನಗೇನಾಗೇತ್ರಿ?" ಎಂದು ನಗುತ್ತ ಹತ್ತಿದವನಿಗೆ ತಲೆ ಗಿರ್ರೆಂದಿತು. ಮೇಜು ಹಿಡಿದುಕೊಂಡ. ಯಂತ್ರ ನೋಡಿದ ಡಾಕ್ಟರರ ಮುಖದ ನಗು ಮಾಯವಾಯಿತು. "ಇಷ್ಟ್ಯಾಕ ಸೊರಗೀರಿ?"

ಕಳವಿನಲ್ಲಿ ಸಿಕ್ಕವನಂತೆ ಕುತುಬುದ್ದೀನ ತಲೆ ತಗ್ಗಿಸಿದ. "ಆಕಿ ನುಚ್ಚು ಉಣ್ಣೂ ಮುಂದ ನಾ ಬ್ಯಾರೆ ಹೆಂಗ ಉಣ್ಣಲಿರಿ?"

"ಮತ್ತ ಅಂಗಡ್ಯಾಗ? ಮಿರ್ಚಿ ಭಜಿ?" ದಿಲಶಾದಬಿಯ ದನಿ ಏರಿತು.

"ಹುಚ್ಚಿ, ನಿನಗ ಬ್ಯಾಡಂದಿದ್ದು ನನ್ನ ಗಂಟಲದಾಗ ಇಳೀತೈತೇನು?"

ದಿಲಶಾದಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ತಿಂದ ಎಣಗಾಯಿಯೆಲ್ಲ ಒಮ್ಮೆಲೇ ಎದೆಗೆ ಬಂದು ನಿಂತಂತಾಯಿತು. "ಯಾ ಅಲ್ಲಾ! ನಾ ದಿನಾ ಫಕ್ಕೀರವ್ವನ ಮನ್ಯಾಗ ಉಣ್ಣಾಕತ್ತೀನ್ರಿ. ಬದನಿಕಾಯಿ, ಮೊಸರು, ಶೇಂಗಾ ಚಟ್ನಿ, ಒಂದೂ ಬಿಟ್ಟಿಲ್ರಿ" ಎಂದವಳೇ ಅಳತೊಡಗಿದಳು.

ಕುತುಬುದ್ದೀನನಿಗೆ ಸಿಟ್ಟು ಬರಲಿಲ್ಲ, ಬರಲು ಮೈಯಲ್ಲಿ ಕಸುವೂ ಇರಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತ. "ಜ್ವರದ ಬೇರು ಗುಳಿಗಿಗೇ ಸತ್ತೈತ್ರಿ" ಎಂದು ಡಾಕ್ಟರ್ ಮೆತ್ತಗೆ ಹೇಳಿದರು. "ಉಳದ ನೋವಿಗೆ, ಸುಸ್ತಿಗೆ ಬರೇ ಗುಳಿಗಿ ಸಾಲಂಗಿಲ್ಲ. ನಡಿಗಿ, ನಿದ್ದಿ, ಹೊಟ್ಟಿ ತುಂಬ ಊಟ, ನಾಕ ಮಾತು, ಎಲ್ಲಾ ಕೂಡಿ ಕೆಲಸ ಮಾಡ್ಬೇಕು. ಎಣ್ಣಿ ತಿಕ್ಕರಿ, ಬ್ಯಾಡನ್ನಂಗಿಲ್ಲ. ಆದ್ರ ಆ ಪುಡಿಯೊಳಗ ಏನೈತಿ ಅಂತ ನನಗ ತಿಳೀಬೇಕು. ಅವರಿಬ್ಬರ ಜೋಡಿ ನಾನ ಮಾತಾಡತೀನಿ. ನಾವು ಮೂವರು ಮೊದಲ ಮಾತಾಡಿದ್ರ ನಿಮ್ಮ ಗತಿ ಹಿಂಗ ಆಗತಿದ್ದಿಲ್ಲ."

ಕುತುಬುದ್ದೀನ ಕೇಳಿದ, "ಹಂಗಾದ್ರ ನನ್ನ ಪಥ್ಯದಿಂದ ಏನೂ ಆಗಲಿಲ್ಲೇನ್ರಿ?"

ಡಾಕ್ಟರ್ ಚೀಟಿ ಬರೆಯತೊಡಗಿದರು. ದಿಲಶಾದಬಿ ಕಣ್ಣೊರೆಸಿಕೊಂಡು, "ಯಾಕಾಗಿಲ್ಲ? ಹಾಸಿಗಿ ಬಿಟ್ಟು ಏಳಲಾರದಾಕಿ ನಾ. ನಿಮ್ಮ ನುಚ್ಚಿಗೆ ಅಂಜೇ ಓಣಿ ತುದಿತನಕ ನಡಿಯಾಕ ಕಲತೇನಿ" ಅಂದಳು.

ಅವನು ನಕ್ಕ. ನಗುವಾಗ ಕಣ್ಣು ತುಂಬಿದ್ದನ್ನು ಯಾರೂ ನೋಡದಂತೆ ಟೊಪ್ಪಿಗೆ ಸರಿಮಾಡಿಕೊಂಡ.

ಹೊರಗೆ ಔಷಧಿ ಅಂಗಡಿಗೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ಬಂದರು. ಚೀಟಿ ಇಸಿದುಕೊಂಡ ಅಂಗಡಿಯವನು ತಲೆಯೆತ್ತಿ, "ನಿಮ್ಮಿಬ್ಬರಾಗ ಪೇಶಂಟ ಯಾರ್ರಿ?" ಎಂದು ಕೇಳಿದ.

ಅವಳು ಗಂಡನತ್ತ ಬೆರಳು ಮಾಡಿದಳು. ಅವನು ಅವಳತ್ತ.