ಮೂರು ಪ್ಯಾಡು, ಒಂದೇ ಕೈ

ಕೇಳಿ ಸ್ವಾಮಿ. ತಾಂಪೆರೆ ಊರಲ್ಲಿ ಕಿವಿ ಇರೋ ನಲವತ್ತೆರಡು ಜನಾನ ನಾನೊಬ್ಬನೇ ಬೇಸ್ತು ಬೀಳಿಸಿದೀನಿ. ಅದರಲ್ಲಿ ಆರು ಜನ ಡ್ರಮ್ ಮೇಷ್ಟ್ರುಗಳು. ಹೀರೋ ಬರೋವಾಗ ಹಿಂದೆ ಮ್ಯೂಸಿಕ್ ಬೇಕಲ್ವಾ? ನಾನು ಆ ಮ್ಯೂಸಿಕ್ಕನ್ನೇ ಕೌಂಟರ್ ಕೆಳಗೆ ಬಚ್ಚಿಟ್ಕೊಂಡಿರೋ ಹೀರೋ.

ನಾನು ಕೆಲಸ ಮಾಡೋ ಅನೆಲಿಯ ವಾದ್ಯದಂಗಡಿ ನೆಲಮಾಳಿಗೇಲಿದೆ. ಹನ್ನೆರಡು ಮೆಟ್ಟಿಲು ಇಳೀಬೇಕು. ಕೌಂಟರ್ ಮೇಲೆ ಮೂರು ಡ್ರಮ್ ಪ್ಯಾಡು. ರಬ್ಬರ್ ಚೌಕ ಇರೋ ಪೆಟ್ಟಿಗೆಗಳು. ಬೆರಳಲ್ಲಿ ಬಡಿದ್ರೆ ಕಂಪ್ಯೂಟರಲ್ಲಿ ಡ್ರಮ್ ಸದ್ದು ಬರುತ್ತೆ. ಅಪಾರ್ಟ್‌ಮೆಂಟಲ್ಲಿ ನಿಜವಾದ ಡ್ರಮ್ ಬಾರಿಸಿದ್ರೆ ಪಕ್ಕದ ಮನೆಯೋರು ಬಿಡ್ತಾರಾ? ಹಾಗಾಗಿ ಬಂದೋರೆಲ್ಲ ಕೇಳೋದು ಒಂದೇ: ಯಾವುದ್ರಲ್ಲಿ ಮನುಷ್ಯ ಬಾರಿಸಿದ ಹಾಗೆ ಬರುತ್ತೆ?

"ಮೂರರಲ್ಲೂ ನಾನೇ ಬಾರಿಸಿ ಇಟ್ಟಿದೀನಿ. ಮುಟ್ಟಿ, ಕೇಳಿ, ಆರಿಸ್ಕೊಳ್ಳಿ" ಅಂತಿದ್ದೆ.

ಅವರು ಒಂದು ಪ್ಯಾಡು ಮುಟ್ಟೋರು, ಸದ್ದು ಸ್ಪೀಕರಲ್ಲಿ ಬರೋದು. ನಾನು ಕೌಂಟರ್ ಕೆಳಗಿನ ಗುಂಡಿ ಮೊಣಕಾಲಲ್ಲಿ ಒತ್ತುತಿದ್ದೆ. ಮೂರಕ್ಕೂ ವೈರೇ ಇರ್ಲಿಲ್ಲ. ಓಡ್ತಿದ್ದದ್ದು ಅಂಗಡಿಯ ಹಳೇ ಕಂಪ್ಯೂಟರಲ್ಲಿ ಸಿಕ್ಕ ಒಂದು ಫೈಲು. ಹೆಸರು 'ಟೆಸ್ಟ್ ನಾಲ್ಕು'. ಯಾವನೋ ನಿಜವಾದ ಡ್ರಮ್ಮಲ್ಲಿ ಬಾರಿಸಿದ್ದು. ಅವನ ಎಡಗೈ ಪ್ರತಿ ಸಲ ಕೂದಲೆಳೆಯಷ್ಟು ತಡ. ಕೊನೇಲಿ ಒಂದು ಸ್ಟಿಕ್ ಕೈಜಾರಿ ನೆಲಕ್ಕೆ ಬಿದ್ದು ಉರುಳುತ್ತೆ. ಆದ್ರೂ ಜನ ಏನಂತಿದ್ರು ಗೊತ್ತಾ? "ಎರಡನೇದು ಪರವಾಗಿಲ್ಲ ಕಣೋ, ಮೂರನೇದ್ರಲ್ಲಿ ಜೀವ ಇಲ್ಲ."

ಫೆಬ್ರವರಿಯ ಒಂದು ಮಂಗಳವಾರ ತೈಸ್ಟೊ ಬಂದ್ರು. ಮಂಗಳವಾರ ಮಧ್ಯಾಹ್ನ ಅನೆಲಿ ಈಜೋಕೆ ಹೋಗ್ತಾಳೆ, ಅಂಗಡಿಗೆ ನಾನೇ ರಾಜ. ತೈಸ್ಟೊ ಬಸ್ ಓಡಿಸಿ ರಿಟೈರ್ ಆದೋರು. ಬಾಗಿಲಲ್ಲೇ ಬೂಟಿನ ಜಿಪ್ ಬಿಚ್ಚಿ ಹಿಮ ಒದರಿದ್ರು, ಮತ್ತೆ ಜಿಪ್ ಎಳ್ಕೊಂಡ್ರು. ಕೈಯಲ್ಲಿ ಏಲಕ್ಕಿ ಬನ್ನಿನ ಪೊಟ್ಟಣ.

"ಬನ್ನು ತಗೋ ಮರಿ. ಕಾಫಿ ಇದ್ಯಾ?"

"ಕಾಫಿ ಇಲ್ದೆ ಇರೋಕೆ ಇದೇನು ಪಕ್ಕದ ದೇಶ ಸ್ವೀಡನ್ನಾ ತಾತ?"

ನಕ್ಕರು. ಮೊದಲನೇ ಪ್ಯಾಡ್ ಮುಟ್ಟಿದ್ರು. ಕಣ್ಣು ಮುಚ್ಚಿ ಕೇಳಿದ್ರು. ಮುಗಿಯೋ ಹೊತ್ತಿಗೆ ಬೂಟಿನ ಲೇಸ್ ಕಟ್ಟೋಕೇನೋ ಬಗ್ಗಿದ್ರು. ಆಗ ಸ್ಟಿಕ್ ಬಿತ್ತು. ಎದ್ದು ನಿಂತು "ಇನ್ನೊಂದ್ಸಲ" ಅಂದ್ರು.

ಎರಡನೇದು. ಮೂರನೇದು. ಮತ್ತೆ ಲೇಸು. ಮತ್ತೆ ಲೇಸು.

"ಮೂರರಲ್ಲೂ ಇದೆ" ಅಂದ್ರು, ತಮಗೆ ತಾವೇ ಹೇಳ್ಕೊಂಡ ಹಾಗೆ. "ಮನೇಲಿಟ್ರೂ ಹೀಗೇ ಕೇಳ್ಸುತ್ತಾ? ನನ್ನ ಹೆಂಡ್ತಿ ಹಿಲ್ಕಾಗೆ ಮೊಣಕಾಲು ನೋವು, ಈ ಮೆಟ್ಟಿಲು ಇಳಿಯೋಕಾಗಲ್ಲ. ಅವಳಿಗೂ ಕೇಳಿಸ್ಬೇಕು."

"ಇದಕ್ಕಿಂತ ಚೆನ್ನಾಗಿ ಕೇಳ್ಸುತ್ತೆ ತಾತ. ಅಜ್ಜಿ ಎದ್ದು ಕುಣೀತಾರೆ."

ಮೊಣಕಾಲು ನೋವಿನ ಮುದುಕಿಗೆ ಡ್ರಮ್ ಪ್ಯಾಡು! ಅವತ್ತು ಸಂಜೆವರೆಗೂ ನಕ್ಕಿದ್ದೆ.

ಐದು ಮಂಗಳವಾರ ಬಂದ್ರು. ಐದು ಸಲವೂ ಬನ್ನು, ಕಾಫಿ, ಲೇಸು. ಐದನೇ ವಾರ ಹೇಳಿದ್ರು, "ಮುಂದಿನ ವಾರ ಅವಳ ಹುಟ್ಟಿದ ಹಬ್ಬ. ಎರಡನೇದು ಇಟ್ಟಿರು. ಬಂದು ಒಂದ್ಸಲ ಕೇಳಿ ಒಯ್ತೀನಿ."

ಆ ವಾರ ಕಂಪ್ಯೂಟರ್ ಕೆಟ್ಟು 'ಟೆಸ್ಟ್ ನಾಲ್ಕು' ಅಳಿಸಿಹೋಯ್ತು. ನಾನು ಹೆದರ್ತೀನಾ? ಇಷ್ಟು ದಿನ ಕೇಳಿದ್ನಲ್ಲ, ಪೂರ್ತಿ ಬಾಯಿಪಾಠ. ಪ್ಯಾಡಿಗೆ ವೈರ್ ಸಿಕ್ಕಿಸಿ ಒಂದೊಂದೇ ಏಟು ಕೂರಿಸಿದೆ. ಎಡಗೈ ಕೂದಲೆಳೆಯಷ್ಟು ತಡ, ಅದನ್ನೂ ಬಿಡ್ಲಿಲ್ಲ. ಒರಿಜಿನಲ್ಲಿಗೇ ಡೂಪು! ಕೊನೆಯ ಆ ದರಿದ್ರ ಸದ್ದು ಮಾತ್ರ ಬಿಟ್ಟೆ. ಯಾವನಿಗೆ ಬೇಕು ಅದು?

ಆರನೇ ಮಂಗಳವಾರ. ತೈಸ್ಟೊ ಕ್ಷೌರ ಮಾಡಿಸ್ಕೊಂಡು ಬಂದಿದ್ರು. ಎರಡನೇ ಪ್ಯಾಡ್ ಮುಟ್ಟಿದ್ರು. ತಲೆ ತೂಗಿದ್ರು. ಕೊನೇಲಿ ಬಗ್ಗಿದ್ರು.

ಬಗ್ಗಿದೋರು ಏಳ್ಲಿಲ್ಲ.

ಕೌಂಟರ್ ಮೇಲಿಂದ ಇಣುಕಿದೆ. ಬಲಗೈ ಚಾಚಿ, ಅಂಗೈ ಮೇಲೆ ಮಾಡಿ, ನೆಲದ ಹತ್ತಿರ ಹಿಡ್ಕೊಂಡು ಕಾಯ್ತಿದ್ರು. ಬೂಟಿಗೆ ಲೇಸೇ ಇಲ್ಲ, ಜಿಪ್ಪು. ಮೊದಲ ದಿನ ಬಾಗಿಲಲ್ಲಿ ಜಿಪ್ ಎಳ್ಕೊಂಡಿದ್ದು ಆಗ ನೆನಪಾಯ್ತು ನಂಗೆ.

"ಇದ್ರಲ್ಲಿ ಅವನಿಲ್ಲ" ಅಂದ್ರು.

ಮೊದಲನೇದು ಮುಟ್ಟಿ ಕೇಳಿ ಬಗ್ಗಿದ್ರು. ಮೂರನೇದು ಮುಟ್ಟಿ ಕೇಳಿ ಬಗ್ಗಿದ್ರು.

"ಯಾವುದ್ರಲ್ಲೂ ಇಲ್ಲ. ಎಲ್ಲಿ ಹೋದ?"

ಅಷ್ಟರಲ್ಲಿ ಅನೆಲಿ ಒದ್ದೆ ತಲೇಲೇ ಮೆಟ್ಟಿಲಿಳಿದು ಬಂದಳು. "ತೈಸ್ಟೊ? ನಿಮ್ಮ ಸೆವೆರಿ ಮಣ್ಣಾದ ದಿನ ನೋಡಿದ್ದು ನಿಮ್ಮನ್ನ." ಆಮೇಲೆ ನನ್ನ ಕಡೆ ತಿರುಗಿ, "ರೋಪೆ, ನಿಂಗಿಂತ ಮುಂಚೆ ಈ ಕೌಂಟರಲ್ಲಿ ಇದ್ದಿದ್ದು ಇವರ ಮಗ."

"ಇಲ್ಲೇ ಬಾರಿಸಿದ್ದ," ಅಂದ್ರು ತೈಸ್ಟೊ. "ಕೊನೇಲಿ ಸ್ಟಿಕ್ ಬೀಳಿಸ್ದ. ಎತ್ತಿಕೊಟ್ಟಿದ್ದು ನಾನು."

"ಹೌದು, ಟೆಸ್ಟ್ ನಾಲ್ಕು," ಅಂದಳು ಅನೆಲಿ. "ಕಾರು ಮಂಜುಗಡ್ಡೆ ಒಡೆದು ಕೆರೆಗೆ ಹೋದಾಗ ಅವನ ಲ್ಯಾಪ್‌ಟಾಪೂ ಅವನ ಜೊತೆ ಹೋಯ್ತು. ಅವನದು ಅಂತ ಉಳಿದಿರೋದು ಅದೊಂದೇ. ಹಾಕೋ."

"ಕಂಪ್ಯೂಟರ್ ಕೆಟ್ಟೋಯ್ತು," ಅಂದೆ. "ಅಳಿಸಿಹೋಗಿದೆ."

ತೈಸ್ಟೊ ಪ್ಯಾಡಿನ ಮೇಲಿಂದ ಕೈ ತೆಗೆದ್ರು. ಆಮೇಲೆ ನನ್ನ ಭುಜ ತಟ್ಟಿದ್ರು. "ಮಿಷನ್ ಅಂದ್ಮೇಲೆ ಕೆಡುತ್ತೆ. ನೀನೇನು ಮಾಡ್ತೀಯ ಮರಿ." ಬನ್ನಿನ ಪೊಟ್ಟಣ ಕೌಂಟರ್ ಮೇಲಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಹೋದ್ರು.

ನಲವತ್ತೆರಡನೆಯವರು ಅವರೇ. ಪ್ಯಾಡಿನ ವಿಷಯಕ್ಕಲ್ಲ. ಆ ಮಾತು ನಂಬಿದ್ರಲ್ಲ, ಅದಕ್ಕೆ.

ನೀವೂ ನಂಬಿದ್ರಿ. ಕಂಪ್ಯೂಟರ್ ಕೆಟ್ಟಿರ್ಲಿಲ್ಲ. ಆ ಸ್ಟಿಕ್ ಬೀಳೋ ಸದ್ದು ಕೇಳಿ ಕೇಳಿ ಬೇಜಾರಾಗಿ ನಾನೇ ಅಳಿಸಿದ್ದು.