ಗಂಟಲು ಕಟ್ಟಿದ ಅಧ್ಯಕ್ಷೆ

"ಸುಳ್ಳುಬುರುಕ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಪೊಲೀಸ್ ಅಧಿಕಾರಿ ನೈಲಂಡ್ ತಿರುಗಿ ನೋಡಲಿಲ್ಲ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಇಸ್ತ್ರಿ ಮಾಡಿದ ಸಮವಸ್ತ್ರದೊಳಗೆ ಬೆವರುತ್ತಾ, ಹೇಳಿದ್ದನ್ನೇ ಮತ್ತೆ ಹೇಳಿದ. "ಅವನ ಹತ್ರ ಪಿಸ್ತೂಲಿದೆ ಅಂತ ಯಾರೋ ಫೋನ್ ಮಾಡಿದ್ರಂತೆ. ವೈರ್‌ಲೆಸ್ಸಲ್ಲಿ ನನಗೆ ಹಾಗೇ ಹೇಳಿದ್ರು. ಅದಕ್ಕೇ ಕೆಡವಿದೆ."

ಆ ಹೊತ್ತಿನ ವೈರ್‌ಲೆಸ್ ಮಾತು ದಾಖಲಾಗಿರಲಿಲ್ಲ. ಯಂತ್ರ ಕೆಟ್ಟಿತ್ತಂತೆ. ಯಂತ್ರಗಳಿಗೂ ಕೆಡಲು ಒಳ್ಳೆಯ ಮುಹೂರ್ತವೇ ಸಿಗುತ್ತದೆ ಎಂದು ಜನ ನಕ್ಕರು.

ಬ್ರಾಂಡ್ವೆಲ್ ನಗರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಪೊಲೀಸರ ಮೇಲಿನ ದೂರುಗಳನ್ನು ಊರಿನವರೇ ವಿಚಾರಿಸಬೇಕೆಂದು ನಾವು ಬೀದಿಗಿಳಿದು ಪಡೆದುಕೊಂಡ ನಾಗರಿಕ ಮಂಡಳಿ ಅದು. ಬೇರೆ ದಿನ ಅಲ್ಲಿ ಜನರಿಗಿಂತ ಕುರ್ಚಿಗಳೇ ಜಾಸ್ತಿ. ಅವತ್ತು ಗೋಡೆಗೊರಗಿ ನಿಂತವರೂ ಇದ್ದರು, ಯಾಕೆಂದರೆ ಲೂಸಿಯಸ್ ಪೆಟ್ವೇ ಬಂದಿದ್ದ.

ಲೂಸಿಯಸ್ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತನಾದವನು. ಚರ್ಚಿನ ಹಾಡುಗಾರರಲ್ಲಿ ಯಾರು ಶ್ರುತಿ ತಪ್ಪಿದರೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಕರಿಯರು ಹೆಚ್ಚಿಲ್ಲದ ಬೀದಿಯಲ್ಲಿ ಹೊಸದಾಗಿ ಮನೆ ಕೊಂಡಿದ್ದ. ತನ್ನ ಮನೆಯ ಹಿತ್ತಿಲ ಬಾಗಿಲಿಗೆ ತಾನೇ ಬೀಗ ಕೂರಿಸುತ್ತಿದ್ದಾಗ ನೈಲಂಡ್ ಬಂದು ಅವನನ್ನು ನೆಲಕ್ಕೆ ಕೆಡವಿದ. ಕೈಯಲ್ಲಿದ್ದದ್ದು ತೂತು ಕೊರೆಯುವ ಬ್ಯಾಟರಿ ಡ್ರಿಲ್. ಭುಜ ಮುರಿಯಿತು. ಟ್ರಾಂಬೋನ್ ವಾದ್ಯ ಹಿಡಿಯುವ ಕೈ ಈಗ ಪಟ್ಟಿಯಲ್ಲಿ ತೂಗುತ್ತಿತ್ತು.

ವೇದಿಕೆಯ ನಡುವೆ ಮಂಡಳಿಯ ಅಧ್ಯಕ್ಷೆ ರೋಸಲಿಂಡ್ ಹಾವರ್ಕಾಂಪ್. ಅದೇ ಬೀದಿಯ ತನ್ನ ಮನೆಯಂಗಳದಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಫಲಕ ನೆಟ್ಟವಳು, ನಾಯಿ ಹಿಡಿದುಕೊಂಡು ಬೀದಿ ಬೀದಿ ಸುತ್ತಿ ಈ ಮಂಡಳಿಗಾಗಿ ಸಹಿ ಸಂಗ್ರಹಿಸಿದವಳು. ಆಸ್ಪತ್ರೆಯಲ್ಲಿದ್ದ ಲೂಸಿಯಸ್‌ಗೆ ಫೋನ್ ಮಾಡಿ, ದೂರು ಕೊಡಿ, ಹೆದರಬೇಡಿ, ನಾನಿದ್ದೇನೆ ಎಂದು ಧೈರ್ಯ ತುಂಬಿದವಳೂ ಅವಳೇ. ಅವತ್ತು ಮಾತ್ರ ಅವಳಿಗೆ ಗಂಟಲು ಕಟ್ಟಿತ್ತು. ಕುತ್ತಿಗೆಗೆ ಶಾಲು ಸುತ್ತಿಕೊಂಡು, ಕೆಮ್ಮಿನ ಮಿಠಾಯಿ ಚೀಪುತ್ತಾ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಉಪಾಧ್ಯಕ್ಷ ಕಿನೋನೆಸ್ ಕಡೆ ತಳ್ಳುತ್ತಿದ್ದಳು.

"ಅಧ್ಯಕ್ಷರು ಬರೆದಿದಾರೆ," ಕಿನೋನೆಸ್ ಓದಿದ. "ಮಿಸ್ಟರ್ ಪೆಟ್ವೇ, ನಿಮಗಾದದ್ದಕ್ಕೆ ನಾಚಿಕೆಯಿಂದ ನನ್ನ ತಲೆ ತಗ್ಗಿದೆ."

ತಲೆ ನಿಜಕ್ಕೂ ತಗ್ಗಿಯೇ ಇತ್ತು. ಲೂಸಿಯಸ್ ಕೂತ ಕಡೆ ಅವಳು ಒಮ್ಮೆಯೂ ಕಣ್ಣೆತ್ತಿರಲಿಲ್ಲ. ಇಡೀ ಊರಿನ ಪಾಪವನ್ನು ಒಬ್ಬಳೇ ಹೊತ್ತಿದ್ದಾಳಲ್ಲ ಎಂದು ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು.

ಪೊಲೀಸರ ಕಡೆಯ ವಕೀಲ ಎದ್ದ. ಅವತ್ತು ಬಂದ ಫೋನ್ ಕರೆಯ ಟೇಪು ಇದೆ, ಹಾಕಿ, ನೈಲಂಡ್ ಸುಳ್ಳು ಹೇಳಿದನೋ ಇಲ್ಲವೋ ಗೊತ್ತಾಗುತ್ತದೆ ಎಂದ. ಆದರೆ ಕರೆ ಮಾಡಿದವರ ಗುಟ್ಟು ಕಾಯುವ ನಿಯಮ ನಮ್ಮದು. ದೂರುದಾರ ಬೇಕೆಂದರೆ ಮೊದಲೇ ಕಚೇರಿಯಲ್ಲಿ ಒಬ್ಬನೇ ಕೂತು ಕೇಳಬಹುದು, ಹೊರಗೆ ಬಾಯಿಬಿಡುವಂತಿಲ್ಲ. ಸಭೆಯಲ್ಲಿ ಹಾಕಬೇಕಾದರೆ ಮಂಡಳಿಯ ಬಹುಮತ ಬೇಕು.

"ಹಾಕಿಬಿಡಿ ಸಾರ್," ನೈಲಂಡ್ ಅಂದ. "ಭುಜ ಮುರಿದದ್ದು ನಾನೇ. ಅದಕ್ಕೆ ಏನು ಬೇಕಾದ್ರೂ ಮಾಡಿ. ಆದ್ರೆ ಸುಳ್ಳುಗಾರ ಅನ್ನಿಸ್ಕೊಂಡು ಕೆಲಸ ಕಳ್ಕೊಳ್ಳಲ್ಲ."

ಮತ ಹಾಕುವ ಮೊದಲು ಲೂಸಿಯಸ್ ಮೈಕಿನ ಮುಂದೆ ಬಂದ. ಮಾತಿನ ಹೊತ್ತು ಮುಗಿದರೆ ಕೆಂಪು ದೀಪ ಹತ್ತುತ್ತದೆ. ಅವನಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

"ನಿಯಮ ಇದೆ, ನಾನು ಜಾಸ್ತಿ ಮಾತಾಡೋ ಹಾಗಿಲ್ಲ," ಎಂದ. "ಏನಾಯ್ತು ಅಂತ ಸರಿಯಾಗಿ ಗೊತ್ತಿರೋರು ಇದೇ ಕೋಣೇಲಿ ಕೂತಿದಾರೆ. ಅವರೇ ಬಾಯಿಬಿಟ್ಟು ಹೇಳ್ಲಿ. ನಾನು ಕಾಯ್ತೀನಿ."

ಎಲ್ಲರೂ ನೈಲಂಡ್ ಕಡೆ ತಿರುಗಿದರು.

ಮತ ಸಮಸಮವಾಯಿತು. ಉಳಿದದ್ದು ರೋಸಲಿಂಡಳದ್ದು. ಅವಳ ಚೀಟಿ ಕಿನೋನೆಸ್ ಕೈ ಸೇರಿತು. "ಫೋನ್ ಮಾಡಿದವರ ಗುಟ್ಟು ಹೊರಗೆ ಹಾಕಿದರೆ, ನಾಳೆ ಕಷ್ಟ ಬಂದಾಗ ಯಾರು ತಾನೆ ಪೊಲೀಸರಿಗೆ ಫೋನ್ ಮಾಡ್ತಾರೆ? ಟೇಪು ಬೇಡ."

ಚಪ್ಪಾಳೆ ಸೂರು ಹಾರಿಸುವಂತಿತ್ತು. ಪೊಲೀಸರ ಚಾಲಾಕಿಗೆ ಹೆಣ್ಣೊಬ್ಬಳು ಮಣಿಯಲಿಲ್ಲವಲ್ಲ! ರೋಸಲಿಂಡ್ ಕಿವಿಯವರೆಗೆ ಕೆಂಪಾದಳು. ಚಪ್ಪಾಳೆ ನಿಲ್ಲಿಸಿ ಎನ್ನುವಂತೆ ಕೈ ಎತ್ತಿದಳು. ಜನ ಇನ್ನೂ ಜೋರಾಗಿ ತಟ್ಟಿದರು. ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಟೇಪು ಇಲ್ಲದ ಮೇಲೆ ನೈಲಂಡ್ ಮಾತಿಗೆ ಸಾಕ್ಷಿಯಿಲ್ಲ. ಭುಜ ಮುರಿದದ್ದಕ್ಕೆ ಅಮಾನತು, ಸುಳ್ಳು ಹೇಳಿದ್ದಕ್ಕೆ ವಜಾ ಎಂದು ಮಂಡಳಿ ಶಿಫಾರಸು ಮಾಡಿತು. ಹುಡುಗ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಹೋದ. ಬಾಗಿಲವರೆಗೂ ಬೈಗುಳ ಅವನ ಹಿಂದೆಯೇ ಹೋಯಿತು.

ಕಾರು ನಿಲ್ಲಿಸುವ ಜಾಗದಲ್ಲಿ ಲೂಸಿಯಸ್ ಕಾಯುತ್ತಿದ್ದ. ರೋಸಲಿಂಡಳ ಕಾರಿನೊಳಗಿಂದ ನಾಯಿ ಅವನನ್ನು ನೋಡಿ ಒಂದೇ ಸಮನೆ ಬೊಗಳುತ್ತಿತ್ತು. ಅವನು ತಲೆ ವಾಲಿಸಿ ಕೇಳುತ್ತಾ ನಿಂತಿದ್ದ.

"ನ್ಯಾಯ ಸಿಕ್ಕಿತಲ್ಲ, ಮಿಸ್ಟರ್ ಪೆಟ್ವೇ," ರೋಸಲಿಂಡ್ ಪಿಸುಗುಟ್ಟಿದಳು. ಕೀಲಿ ಕೈಜಾರಿ ಬಿತ್ತು.

ಲೂಸಿಯಸ್ ಕಷ್ಟಪಟ್ಟು ಬಗ್ಗಿ, ಎಡಗೈಯಲ್ಲಿ ಎತ್ತಿಕೊಟ್ಟ.

"ಹೊರಗಿನವರ ಹತ್ರ ನಾನು ಬಾಯಿಬಿಡೋ ಹಾಗಿಲ್ಲ," ಎಂದ. "ನಿಮ್ಮ ಹತ್ರ ಆದ್ರೆ ಪರವಾಗಿಲ್ಲ. ನಾನು ಕೇಳಿದ ಆ ಟೇಪಲ್ಲೂ ಈ ನಾಯಿ ಹೀಗೇ ಬೊಗಳುತ್ತೆ, ಮಿಸ್ ರೋಸಲಿಂಡ್. 'ಕಳ್ಳ ಬಂದಿದಾನೆ, ಕೈಯಲ್ಲಿ ಪಿಸ್ತೂಲಿದೆ, ಬೇಗ ಬನ್ನಿ' ಅನ್ನುವಾಗ ನಿಮ್ಮ ಗಂಟಲು ಎಷ್ಟು ಚೆನ್ನಾಗಿತ್ತು."