ಏಳೆಂಟ್ಲೆ ಐವತ್ನಾಲ್ಕು

ಮೂವತ್ನಾಲ್ಕು ಉತ್ತರಪತ್ರಿಕೆ. ಮೂವತ್ನಾಲ್ಕರಲ್ಲೂ ಒಂದೇ ತಪ್ಪು. ಮುಖ್ಯಾಧ್ಯಾಪಕ ರಮಾಕಾಂತರು ಆ ಕಟ್ಟನ್ನು ಶಾಂಭವಿಯ ಮೇಜಿನ ಮೇಲೆ ಕುಕ್ಕಿದ ರೀತಿಯಲ್ಲೇ ತೀರ್ಪು ಹೊರಬಿದ್ದಿತ್ತು.

“ಎಂಟಡಿ ಉದ್ದ, ಏಳಡಿ ಅಗಲದ ಖೋಲಿ. ಒಂದಡಿ ಚೌಕದ ಫರಸಿ ಕಲ್ಲು ಎಷ್ಟು ಬೇಕು? ಇಡೀ ಆರನೇ ಕ್ಲಾಸು ಐವತ್ನಾಲ್ಕು ಅಂತ ಬರದೈತಿ! ಇದು ಸಾಲಿನೋ, ನಕಲು ಅಂಗಡಿನೋ, ಅಕ್ಕೋರ?”

ಶಾಂಭವಿಯ ವರ್ಗದಲ್ಲಿ ಮಕ್ಕಳು ಎದುರುಬದುರು ಕೂರುತ್ತಿದ್ದರು. ಪರೀಕ್ಷೆಯ ಕೊನೆಯ ಐದು ನಿಮಿಷ ಎದುರಿನವರ, ಅಕ್ಕಪಕ್ಕದವರ ಹಾಳೆ ನೋಡಬಹುದು. ಅದರ ಮೇಲೆ ಬರೆಯುವಂತಿಲ್ಲ, ಉತ್ತರ ಹೇಳುವಂತಿಲ್ಲ. ತಿದ್ದಿಕೊಳ್ಳುವುದಿದ್ದರೆ ತನ್ನದನ್ನು ಮಾತ್ರ.

“ನೋಡ್ರಿ, ಗೀಟು ಹೊಡದು ಹೊಡದು ಬರದಾರ. ನಾಳಿಯಿಂದ ಬೆಂಚು ಸಾಲಾಗಿ ಹಾಕ್ಸ್ರಿ. ತಪ್ಪು ಮಾಡಿದವರು ಒಬ್ಬೊಬ್ಬರ ಬೋರ್ಡಿನ ಮುಂದ ಬಂದು ಲೆಕ್ಕಾ ಬಿಡಸ್ಲಿ.”

ಬೋರ್ಡಿನ ಮುಂದೆ ನಿಲ್ಲಿಸುವುದು ಆ ಶಾಲೆಯ ಹಳೆಯ ಪದ್ಧತಿ. ಕಳೆದ ತಿಂಗಳು ಇದೇ ವರ್ಗದ ನಾಹಿದಾ ಅಲ್ಲೇ ನಿಂತು ಬಿಕ್ಕಿದ್ದಳು. ಆಮೇಲೆ ಎಂಟು ದಿನ ಬರಲಿಲ್ಲ. ಹಳೇ ಹುಬ್ಬಳ್ಳಿಯ ಓಣಿಗಳನ್ನು ಸುತ್ತಿ ಮನೆ ಹುಡುಕಿದ ಶಾಂಭವಿಗೆ ಅವಳ ತಾಯಿ ಕರೀಮಾಬಿ ಚಹಾ ಕೊಟ್ಟು, “ಇನ್ನೊಮ್ಮೆ ಹಂಗ ಅಳಕೋತ ಬಂದ್ಲಂದ್ರ ಸಾಲಿ ಬಿಡಸ್ತೇನ್ರಿ ಅಕ್ಕೋರ” ಎಂದಿದ್ದಳು.

ಅಂದಿನಿಂದ ಶಾಂಭವಿ ಒಂದು ನಿಯಮ ಸೇರಿಸಿದ್ದಳು: ಒಬ್ಬರು ತಪ್ಪಿದರೆ ಅವರ ತಪ್ಪು, ಇಡೀ ವರ್ಗ ತಪ್ಪಿದರೆ ಕಲಿಸಿದವಳ ತಪ್ಪು. ಆಗ ಬೋರ್ಡಿನ ಮುಂದೆ ಅವಳೇ ಹತ್ತು ಬಸ್ಕಿ ಹೊಡೆಯಬೇಕು.

ಅವಳು ಮೇಲಿದ್ದ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗೀಟಿನ ಕೆಳಗೆ ಐವತ್ತಾರು. ಇನ್ನೊಂದು ಹಿಡಿದಳು. ಅಲ್ಲೂ ಐವತ್ತಾರು. ಸರಿ ಉತ್ತರ ಹೊಡೆದು ಹಾಕಿ ತಪ್ಪು ಬರೆದಿದ್ದರು! ಅವಳಿಗೆ ನಗು ಬಂತು.

“ಸರ, ಬರ್ರಿ, ನಿಮಗೊಂದು ಆಟ ತೋರಸ್ತೇನಿ.”

ವರ್ಗದಲ್ಲಿ ಮೂವತ್ನಾಲ್ಕು ಮುಖಗಳೂ ಸಾಧುಗಳಂತಿದ್ದವು. ಅಕೀಬ ಮಾತ್ರ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಅವನ ಎದುರಿಗೆ ನಾಹಿದಾ ತಲೆ ತಗ್ಗಿಸಿ ಕೂತಿದ್ದಳು.

“ನೀ ಯಾರದರೇ ನೋಡಿ ತಿದ್ದಿದ್ಯೇನ, ನಾಹಿದಾ?”

“ಇಲ್ರಿ ಅಕ್ಕೋರ. ನಾ ಉಳಿದ ಲೆಕ್ಕಾ ಬರಿಯೂದು ಮುಗಿಯೂದ್ರಾಗ ಗಂಟಿ ಹೊಡೀತು.”

ಶಾಂಭವಿ ಉಳಿದವರತ್ತ ತಿರುಗಿದಳು. “ಹಂಗಾರ ಇದೆಲ್ಲಾ ನನ್ನ ಕಡೆ ಬಸ್ಕಿ ಹೊಡಸಾಕ ಹೂಡಿದ ಆಟ, ಹೌದಲ್ಲ?”

ಮಾಲತೇಶ ಎದ್ದು ನಿಂತ. “ನೀವ ಹೇಳಿದ್ರಲ್ರಿ ಅಕ್ಕೋರ, ಎಲ್ಲಾರೂ ತಪ್ಪಿದ್ರ ನಿಮ್ಮ ತಪ್ಪು ಅಂತ!”

ಶಾಂಭವಿ ಸೆರಗು ಸಿಕ್ಕಿಸಿ ಕಿವಿ ಹಿಡಿದುಕೊಂಡಳು. ಮಕ್ಕಳು ಸೂರು ಹಾರುವಂತೆ ಎಣಿಸಿದರು. ಏಳನೆಯದಕ್ಕೆ ಮೊಣಕಾಲು ಲಟಕ್ ಎಂದಿತು. ಹತ್ತಕ್ಕೆ ರಮಾಕಾಂತರ ಮೀಸೆಯೂ ಅಲುಗಿತು.

“ಎಣಸಾಕರೇ ಛಲೋ ಕಲ್ಸೀರಿ. ಬೆಂಚು ಹಂಗ ಇರ್ಲಿ ಬಿಡ್ರಿ” ಎಂದು ಹೊರಟುಹೋದರು.

ಏದುಸಿರು ಬಿಡುತ್ತಲೇ ಶಾಂಭವಿ ಬೋರ್ಡಿನ ಮೇಲೆ ಉದ್ದಕ್ಕೆ ಎಂಟು, ಅಗಲಕ್ಕೆ ಏಳರಂತೆ ಚೌಕಗಳನ್ನು ಬರೆದಳು. ಎಲ್ಲರೂ ಒಟ್ಟಿಗೆ ಎಣಿಸಿದರು. ಐವತ್ತಾರು! ನಾಹಿದಾಳ ದನಿ ಆ ವರ್ಗದಲ್ಲಿ ಮೊದಲ ಸಲ ಎಲ್ಲರ ದನಿಯೊಳಗೆ ಸೇರಿತ್ತು.

ಮಧ್ಯಾಹ್ನ ಶಾಂಭವಿ ಮೊಣಕಾಲು ತಿಕ್ಕಿಕೊಳ್ಳುತ್ತ, ಈ ಪುಂಡರಿಗೆ ಸರಿ ಉತ್ತರದ ಅಂಕವನ್ನೇ ಕೊಡೋಣವೆಂದು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಅಕೀಬನದರಲ್ಲಿ ಗೀಟು. ಮಾಲತೇಶನದರಲ್ಲಿ ಗೀಟು. ಶಾಜಿಯಾಳದರಲ್ಲೂ ಗೀಟು. ಹೀಗೇ ಮೂವತ್ಮೂರು.

ಕೊನೆಯದು ನಾಹಿದಾಳದು. ಅದರಲ್ಲಿ ಒಂದೂ ಗೀಟಿರಲಿಲ್ಲ. ಬರೆದದ್ದು ಒಂದೇ ಸಲ, ದುಂಡಗೆ, ಐವತ್ನಾಲ್ಕು.